ಹುಲಿಗೆಮ್ಮನ ಮೇಲಿನ ಹೊಟ್ಟೆಕಿಚ್ಚು

ಕಳೆದ ತಿಂಗಳು ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು ಸಿರುಗುಪ್ಪಕ್ಕೆ ಹೋದೆ. ಊರು ಮುಟ್ಟುವ ಮೊದಲೇ ಅಲ್ಲಿ ರೈಸ್ ಮಿಲ್ಲುಗಳು ಶುರುವಾಗುತ್ತವೆ. ಬಸ್ಸಿನ ಕಿಟಕಿಯಿಂದ ತೌಡಿನ ವಾಸನೆ ಒಳಗೆ ಬಂತು. ಪಕ್ಕದಲ್ಲಿದ್ದ ತಂಗಿ ಮೂಗಿಗೆ ಸೆರಗು ಹಿಡಿದಳು. ಈ ವಾಸನೆಗೆ ಬೇರೆಯವರಿಗೆ ಸೀನು ಬರಬಹುದು, ನನಗೆ ಹೊಟ್ಟೆಕಿಚ್ಚು ಬರುತ್ತದೆ. ಅದೂ ಯಾರ ಮೇಲೆ? ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸಿನ ಮೇಲೆ, ಅವಳ ಗಂಡ ಸತ್ತ ರೀತಿಯ ಮೇಲೆ. ಹೊರಗೆ ಹೇಳಿದರೆ ಇವಳಿಗೆ ತಲೆ ಕೆಟ್ಟಿದೆ ಅಂದಾರು. ಅಂದುಕೊಳ್ಳಲಿ.

ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲಕ್ಕೆ ನಾನು ಬಳ್ಳಾರಿಯ ಒಂದು ಮನೆ ಆರೈಕೆ ತಂಡಕ್ಕೆ ಹೊಸದಾಗಿ ಸೇರಿದ್ದೆ. ಇನ್ನು ಗುಣವಾಗುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿ ಕಳಿಸಿದ ರೋಗಿಗಳಿರುತ್ತಾರಲ್ಲ, ಅವರ ಮನೆಗೆ ಹೋಗುವುದು ನಮ್ಮ ಕೆಲಸ. ನೋವಿಗೆ ಔಷಧಿ ಕೊಡುವುದು, ಹುಣ್ಣು ತೊಳೆಯುವುದು ಶಮೀಮ್ ಸಿಸ್ಟರ್ ನೋಡಿಕೊಳ್ಳುತ್ತಿದ್ದರು. ಅವರು ಇಪ್ಪತ್ತು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದು ಬಂದ ನರ್ಸು, ಬಳ್ಳಾರಿಯದೇ ಕೌಲ್‌ಬಜಾರಿನವರು. ನನ್ನದು ಮನೆಯವರ ಜೊತೆ ಕೂರುವ ಕೆಲಸ. ರೋಗಿಯ ಕೈಕಾಲು ಒತ್ತುವುದು, ಒಣಗಿದ ಬಾಯಿಗೆ ಹತ್ತಿಯಲ್ಲಿ ನೀರು ಸವರುವುದು ಹೇಗೆಂದು ತೋರಿಸುವುದು, ಅಡುಗೆಮನೆಯಲ್ಲಿ ಹೆಂಗಸರು ಅಳುವಾಗ ಪಕ್ಕದಲ್ಲಿರುವುದು. ಇದೂ ಒಂದು ನೌಕರಿಯೇ ಎಂದು ನನ್ನ ತಂಗಿ ನಕ್ಕಿದ್ದಳು. ನಾನು ಯಾಕೆ ಸೇರಿದೆ ಎಂದು ಅವಳಿಗೆ ಗೊತ್ತಿತ್ತು, ಆಮೇಲೆ ನಗಲಿಲ್ಲ.

ನಮ್ಮ ಮನೆಯವರು ಜೀನ್ಸ್ ಹೊಲಿಯುವ ಯುನಿಟ್ಟಿನಲ್ಲಿ ಟೇಲರ್ ಆಗಿದ್ದರು. ಗುಟ್ಕಾ ತಿಂದು ತಿಂದು ಬಾಯಿಯ ಕ್ಯಾನ್ಸರ್ ಬಂತು. ಆ ಆಸ್ಪತ್ರೆ ಈ ಆಸ್ಪತ್ರೆ ಎಂದು ಅಲೆದೆವು. ಏನಾಗುತ್ತದೆ ಎಂದು ಯಾರೂ ನಮಗೆ ಬಿಡಿಸಿ ಹೇಳಲಿಲ್ಲ. ಅವರು ನನಗೆ ಏನೂ ಹೇಳಲಿಲ್ಲ, ನಾನು ಅವರಿಗೆ ಏನೂ ಹೇಳಲಿಲ್ಲ. ಎಲ್ಲ ಸರಿ ಹೋಗುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೇ ದಿನ ಕಳೆದೆವು. ಕೊನೆಗೆ ದೂರದ ಊರಿನಿಂದ ವ್ಯಾನಿನಲ್ಲಿ ವಾಪಸ್ ಕರೆದುಕೊಂಡು ಬರುವಾಗ, ಹೆಂಡತಿ ಪಕ್ಕದಲ್ಲಿ ಕೂತರೆ ಜೀವ ಎಳೆದಾಡುತ್ತದೆ ಎಂದು ನಮ್ಮ ಅತ್ತೆ ನನ್ನನ್ನು ಡ್ರೈವರ್ ಪಕ್ಕದ ಸೀಟಿಗೆ ಕಳಿಸಿದರು. ನಾನು ತೊಡೆಯ ಮೇಲೆ ಬಟ್ಟೆಯ ಗಂಟು ಇಟ್ಟುಕೊಂಡು ರಸ್ತೆ ನೋಡುತ್ತಾ ಬಂದೆ. ಮನೆಯ ಮುಂದೆ ವ್ಯಾನಿನ ಹಿಂದಿನ ಬಾಗಿಲು ತೆಗೆದಾಗ ಅವರ ಜೀವ ಇರಲಿಲ್ಲ. ದಾರಿಯಲ್ಲಿ ಯಾವ ಊರಿನ ಹತ್ತಿರ ಹೋದರೋ ಅದೂ ನನಗೆ ಗೊತ್ತಿಲ್ಲ.

ಇಷ್ಟು ಸರಕು ಹೊತ್ತುಕೊಂಡು ನಾನು ಸಿರುಗುಪ್ಪದ ಹತ್ತಿರದ ದೇಶನೂರಿನಲ್ಲಿ ಆ ಹೆಂಗಸಿನ ಮನೆಯ ಹೊಸ್ತಿಲು ತುಳಿದದ್ದು.

ಕಾಲುವೆಗೆ ನೀರು ಬಿಟ್ಟು ಎಲ್ಲ ಕಡೆ ನಾಟಿ ನಡೆಯುತ್ತಿದ್ದ ದಿನಗಳು. ರಸ್ತೆಯ ಎರಡೂ ಕಡೆ ಕೆಸರು, ಹೆಣ್ಣಾಳುಗಳ ಸಾಲು, ಟಂಟಂ ಗಾಡಿಯಲ್ಲಿ ಬಂದಿಳಿಯುವ ಸಸಿಯ ಕಟ್ಟುಗಳು. ರೋಗಿ ಯರ್ರಿಸ್ವಾಮಿ ಪಡಸಾಲೆಯಲ್ಲಿ ಕಬ್ಬಿಣದ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಐವತ್ತು ದಾಟಿರಲಿಲ್ಲ. ಹೊಟ್ಟೆಯ ಕ್ಯಾನ್ಸರ್ ಲಿವರಿಗೆ ಹತ್ತಿತ್ತು, ಕಣ್ಣು ಅರಿಶಿನವಾಗಿದ್ದವು. ಅವನ ಹೆಂಡತಿ ಹುಲಿಗೆಮ್ಮ ಅದೇ ಮಂಚದ ಮೇಲೆ, ಅವನ ಕಾಲನ್ನು ತನ್ನ ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನಾವು ಒಳಗೆ ಬಂದರೂ ಎದ್ದೇಳಲಿಲ್ಲ. ಮೊದಲ ಕಿಡಿ ಬಿದ್ದದ್ದು ಅಲ್ಲೇ. ಅತ್ತೆಯಿಲ್ಲದ ಮನೆ, ಏಳು ಅನ್ನುವವರಿಲ್ಲ, ಪುಣ್ಯವಂತೆ ಎಂದುಕೊಂಡೆ.

ಶಮೀಮ್ ಸಿಸ್ಟರ್ ಬ್ಯಾಗು ಬಿಚ್ಚುವ ಮೊದಲು ಕುರ್ಚಿ ಎಳೆದುಕೊಂಡು ಕೂತರು. ನಿಮಗೆ ಏನು ಗೊತ್ತಿದೆ, ಏನು ಕೇಳಬೇಕು ಎಂದು ಅವನನ್ನೇ ಕೇಳಿದರು. ಅವನು ಹೊಲದ ಕಡೆ ಕೈ ಮಾಡಿ, ಈ ಬೆಳೆ ನನ್ನ ಕಣ್ಣಿಗೆ ಬೀಳ್ತೈತೇನ್ರಿ ಸಿಸ್ಟರ್ ಎಂದ. ಸಿಸ್ಟರ್ ಅವನ ಕೈ ಹಿಡಿದುಕೊಂಡು ಹೇಳಿದರು:

“ಹಸರು ನೋಡ್ತೀರಿ. ಕೊಯ್ಲಿನ ಮಾತು ನನ್ನ ಕೈಯಾಗ ಇಲ್ಲ. ನೋವು ಇರದಂಗ ನೋಡ್ಕೊಳ್ಳೋದು ನನ್ನ ಕೈಯಾಗ ಐತಿ.”

ಹುಲಿಗೆಮ್ಮ ಅವನ ಕಾಲ ಮೇಲೆ ತಲೆಯಿಟ್ಟು ಅತ್ತಳು. ಅವನು ಅವಳ ತಲೆ ಸವರಿದ. ಇಬ್ಬರೂ ಒಟ್ಟಿಗೆ ಕೇಳಿದರು, ಒಟ್ಟಿಗೆ ಅತ್ತರು, ಆಮೇಲೆ ಅವಳು ಎದ್ದು ಚಹಾ ಮಾಡಿದಳು. ಒಂದು ಚಹಾ ಆರುವಷ್ಟು ಹೊತ್ತು ಇಂಥ ಮಾತು ನಮ್ಮಿಬ್ಬರಿಗೆ ಸಿಕ್ಕಿದ್ದರೆ ಸಾಕಿತ್ತು.

ಆಮೇಲೆ ವಾರ ವಾರ ಹೋದೆವು. ನೋವಿನ ಔಷಧಿ ಹಿಡಿದ ಮೇಲೆ ಯರ್ರಿಸ್ವಾಮಿಗೆ ಬಾಯಿ ಬಂತು. ಆ ಮನೆಯಲ್ಲಿ ಸಾವು ಬರುತ್ತಿದೆಯೋ ಮದುವೆ ಬರುತ್ತಿದೆಯೋ ತಿಳಿಯದಷ್ಟು ಮಾತು. ಯಾವ ಬದು ಸೋರುತ್ತದೆ, ಯಾವ ಮಡಿಗೆ ಮೊದಲು ನೀರು ತಿರುಗಿಸಬೇಕು, ಕಟಾವಿಗೆ ಯಾರ ಮಷಿನ್ ಕರೆಸಬೇಕು, ಎಲ್ಲ ಅವಳಿಗೆ ಹೇಳಿಕೊಡುತ್ತಿದ್ದ. ಅವಳು ಹೊಲಕ್ಕೆ ಹೋಗಿ ನೋಡಿ ಬಂದು ತಪ್ಪೋ ಒಪ್ಪೋ ವರದಿ ಕೊಡಬೇಕು. ಒಂದು ದಿನ ನಾವಿರುವಾಗಲೇ ಹಳೆಯ ಜಗಳ ತೆಗೆದ. ಮದುವೆಯಾದ ಹೊಸದರಲ್ಲಿ ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಜನರ ಮುಂದೆ ಅವಳನ್ನು ಬೈದಿದ್ದನಂತೆ, ಅದು ಮನಸ್ಸಿನಲ್ಲಿ ಉಳಿದಿದೆ ಎಂದ. ಅವಳು ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತದೆ, ಅದಕ್ಕೆ ನಾನು ಅವತ್ತೇ ನಿಮ್ಮ ಸಾರಿಗೆ ಖಾರ ಜಾಸ್ತಿ ಹಾಕಿ ತೀರಿಸಿಕೊಂಡಿದ್ದೆ ಎಂದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ನಗುವಾಗ ನೋವಾಯಿತು, ಆದರೂ ನಕ್ಕ. ಸಿಸ್ಟರ್ ನಕ್ಕರು. ನಾನು ಹಲ್ಲು ಕಾಣುವಷ್ಟು ಮಾತ್ರ ನಕ್ಕೆ.

ಮನೆಗೆ ಬಂದು ಒಬ್ಬಳೇ ರೊಟ್ಟಿ ತಟ್ಟುವಾಗ ಲೆಕ್ಕ ಹಾಕುತ್ತಿದ್ದೆ, ನಮ್ಮವರು ಯಾವುದನ್ನು ಹೀಗೆ ಹೇಳಬೇಕೆಂದುಕೊಂಡಿದ್ದರೋ ಎಂದು. ನನ್ನ ಚಿನ್ನದ ಬೆಂಡೋಲೆ ಕಳೆದದ್ದಕ್ಕೆ ಅವರು ವಾರಗಟ್ಟಲೆ ಮಾತು ಬಿಟ್ಟಿದ್ದರು. ಅದಿರಬಹುದೇ? ಅವರ ತಮ್ಮನ ಮದುವೆಯಲ್ಲಿ ನಾನು ಸಿಟ್ಟಾಗಿ ಊಟಕ್ಕೆ ಕೂರಲಿಲ್ಲ, ಅದಿರಬಹುದೇ? ಏನೂ ಇರಲಿಲ್ಲವೋ ಏನೋ. ಇತ್ತೋ ಇಲ್ಲವೋ ಎಂಬುದಾದರೂ ತಿಳಿದಿದ್ದರೆ ಚೆನ್ನಾಗಿತ್ತು.

ಹುಲಿಗೆಮ್ಮ ಮಾತ್ರ ನನ್ನನ್ನು ಬಹಳ ಹಚ್ಚಿಕೊಂಡಳು. ಸಿಸ್ಟರ್ ಅವನನ್ನು ನೋಡುವಾಗ ನನ್ನನ್ನು ಅಡುಗೆಮನೆಗೆ ಕರೆದು ದೂರು ಹೇಳುತ್ತಿದ್ದಳು. ಒಂದು ಹೊತ್ತು ಮಂಡಕ್ಕಿ ಒಗ್ಗರಣೆ ಬೇಕು ಅಂತಾರೆ, ಮಾಡಿಕೊಟ್ಟರೆ ಎರಡು ಕಾಳು ತಿಂದು ತಟ್ಟೆ ಸರಿಸುತ್ತಾರೆ. ಫ್ಯಾನು ಹಾಕು ಅಂತಾರೆ, ಹಾಕಿದರೆ ಚಳಿ ಅಂತಾರೆ. ನನಗೆ ಒಳಗೊಳಗೆ ಕುದಿಯುತ್ತಿತ್ತು. ತಟ್ಟೆ ಸರಿಸುವುದಕ್ಕೆ ಒಂದು ಕೈ ಇದೆಯಲ್ಲೇ ತಾಯಿ, ಅದನ್ನು ನೋಡು ಅನ್ನಬೇಕು ಅನ್ನಿಸುತ್ತಿತ್ತು. ಅನ್ನಲಿಲ್ಲ, ಹೂಂ ಹೂಂ ಎಂದು ತಲೆಯಾಡಿಸಿದೆ.

ಪೈರು ಮೊಣಕಾಲೆತ್ತರ ಬಂದಿದ್ದ ಒಂದು ದಿನ ಅವಳು ನನ್ನ ಮನೆಯವರ ವಿಷಯ ಕೇಳಿದಳು. ಬಹಳ ಬಿಡಿಸದೆ ವ್ಯಾನಿನಲ್ಲಿ ಹೋದರು ಎಂದೆ. ಅವಳು ನಿಟ್ಟುಸಿರು ಬಿಟ್ಟು ನನ್ನ ಭುಜ ಮುಟ್ಟಿದಳು.

“ನೀ ಪುಣ್ಯ ಮಾಡಿದ್ದಿ ಬಿಡಕ್ಕ. ಒಂದ ಏಟಿಗೆ ಮುಗೀತು. ನಾ ದಿನಾ ದಿನಾ ನೋಡ್ಕೋತ ಸಾಯಾಕತ್ತೀನಿ.”

ಒಳ್ಳೆಯ ಮನಸ್ಸಿನಿಂದಲೇ ಅಂದಳು. ಆದರೆ ನನ್ನ ಮೈಗೆ ಬೆಂಕಿ ಇಟ್ಟಂತಾಯಿತು. ಬಾಯಿ ತೆರೆದರೆ ಏನು ಬರುತ್ತದೋ ಎಂದು ಹೆದರಿ, ಅವಳ ಮುಸುರೆ ಪಾತ್ರೆಗಳನ್ನೆಲ್ಲ ಹಿತ್ತಲಿಗೆ ಒಯ್ದು ತಿಕ್ಕಿದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ವಾಪಸ್ ಬರುವಾಗ ಸಿರಿಗೇರಿ ಕ್ರಾಸಿನಲ್ಲಿ ಗಾಡಿ ನಿಲ್ಲಿಸಿ ಡ್ರೈವರ್ ಚಹಾ ಕುಡಿಯಲು ಇಳಿದ. ಸಿಸ್ಟರ್ ನನ್ನ ಕಡೆ ತಿರುಗಿ ನೇರವಾಗಿ, ಹೊಟ್ಟಿ ಉರಿತೈತಿ ಅಲ್ಲ ರತ್ನಾ ಎಂದರು. ಇಲ್ಲ ಅನ್ನಲು ಹೋದೆ, ಆಗಲಿಲ್ಲ. ಎಲ್ಲ ಹೇಳಿದೆ. ಆ ಮಂಚ, ಆ ನಗು, ಆ ದೂರು, ಎಲ್ಲದರ ಮೇಲೂ ನನಗೆ ಕಿಚ್ಚು, ಅವಳ ಕಣ್ಣೀರಿನ ಮೇಲೂ ಕಿಚ್ಚು ಎಂದೆ. ಅವರು ಬುದ್ಧಿ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು, ಕೆಲವು ವಾರ ಇನ್ನೊಬ್ಬ ನರ್ಸಿನ ಜೊತೆ ಕುರುಗೋಡಿನ ಕಡೆ ಹೋಗಿ ಬಾ, ಇಲ್ಲಿಗೆ ಬೇರೆಯವರನ್ನು ಕರೆತರುತ್ತೇನೆ ಎಂದರು.

ಕುರುಗೋಡಿನ ಮನೆ ಗುಡ್ಡದ ಬುಡದಲ್ಲಿತ್ತು. ಅಂಗಳದಲ್ಲಿ ಮೆಣಸಿನಕಾಯಿ ಹರವಿದ್ದರು, ಒಳಗೆ ಹೋದರೆ ಕೆಮ್ಮು ಬರುತ್ತಿತ್ತು. ಅಲ್ಲಿ ಸಾಯುತ್ತಿದ್ದದ್ದು ಒಬ್ಬ ಅಜ್ಜಿ. ಅವಳಿಗೆ ಏನೂ ಹೇಳಕೂಡದು, ಬಿ.ಪಿ. ನೋಡಲು ಬಂದವರು ಎನ್ನಿ ಎಂದು ಮಕ್ಕಳು ಬಾಗಿಲಲ್ಲೇ ನಮಗೆ ಕಟ್ಟುನಿಟ್ಟು ಮಾಡಿದ್ದರು. ಅಜ್ಜಿಗೆ ಎಲ್ಲ ಗೊತ್ತಿತ್ತು. ಮಕ್ಕಳಿಗೆ ಗೊತ್ತಿಲ್ಲ, ಹೇಳಬೇಡಿ ಎಂದು ಅವಳು ನಮಗೇ ಹೇಳಿದ್ದಳು. ಒಂದೇ ಸೂರಿನ ಕೆಳಗೆ ಎಲ್ಲರೂ ಮುಖ ತಿರುಗಿಸಿಕೊಂಡು ಕಣ್ಣೊರೆಸುತ್ತಿದ್ದರು. ನಾನು ಆ ಮನೆಯಲ್ಲಿ ಹಾಯಾಗಿದ್ದೆ. ಕೈಕಾಲು ಒತ್ತಿದೆ, ತಲೆ ಬಾಚಿದೆ, ಸೊಸೆಯಂದಿರಿಗೆ ಸಮಾಧಾನ ಹೇಳಿದೆ. ನಿದ್ದೆ ಚೆನ್ನಾಗಿ ಬರುತ್ತಿತ್ತು. ಒಂದು ಮಧ್ಯಾಹ್ನ ಅಜ್ಜಿಯ ಉಗುರು ಕತ್ತರಿಸುವಾಗ ಹೊಳೆಯಿತು, ಇಲ್ಲಿ ನನಗೆ ಯಾಕೆ ಇಷ್ಟು ನೆಮ್ಮದಿ ಎಂದು. ಈ ಮನೆ ನನ್ನ ಮನೆಯ ಹಾಗೇ ಇತ್ತು. ಮಾತಿಲ್ಲದೆ ಮುಗಿಯುವ ಮನೆ. ಬೇರೆಯವರಿಗೂ ನನ್ನಷ್ಟೇ ಸಿಕ್ಕರೆ ನನಗೆ ನಿದ್ದೆ ಬರುತ್ತದೆ, ಹೆಚ್ಚು ಸಿಕ್ಕರೆ ಬರುವುದಿಲ್ಲ. ಇದು ತಿಳಿದ ಮೇಲೆ ನನಗೆ ನನ್ನ ಮೇಲೇ ಅಸಹ್ಯವಾಯಿತು. ಸಂಜೆ ಸಿಸ್ಟರಿಗೆ ಫೋನ್ ಮಾಡಿ ದೇಶನೂರಿಗೆ ನಾನೇ ಬರುತ್ತೇನೆ ಎಂದೆ. ಉರಿದರೆ ಉರಿಯಲಿ ಎಂದೆ. ಅವರು, ಬಾ, ಅವನಿಗೆ ಇನ್ನು ಹೆಚ್ಚು ದಿನ ಇಲ್ಲ ಎಂದರು.

ಹೋದಾಗ ಕೊಯ್ಲು ಹತ್ತಿತ್ತು. ಮಷಿನ್ನುಗಳು ಹೊಲದಲ್ಲಿ ಗುಂಯ್‌ಗುಡುತ್ತಿದ್ದವು, ರಸ್ತೆಯ ಅರ್ಧದವರೆಗೆ ಭತ್ತ ಹರವಿದ್ದರು, ಧೂಳಿಗೆ ಆಕಾಶ ಮಂಕಾಗಿತ್ತು. ಯರ್ರಿಸ್ವಾಮಿ ಕೊಯ್ಲು ಕಂಡನೋ ಇಲ್ಲವೋ, ಸದ್ದಂತೂ ಕೇಳಿಸಿಕೊಂಡಿರಬೇಕು. ಹಿಂದಿನ ದಿನದಿಂದ ಕಣ್ಣು ತೆರೆದಿರಲಿಲ್ಲ. ಪಡಸಾಲೆ ತುಂಬ ಜನ. ಮಂಚದ ಮೇಲೆ, ಅವನ ತಲೆಯ ಹತ್ತಿರ, ಹುಲಿಗೆಮ್ಮ ಇರಬೇಕಿದ್ದ ಜಾಗದಲ್ಲಿ, ಬೇರೆ ಹೆಂಗಸು ಕೂತಿದ್ದಳು. ಸಿರಿಗೇರಿಯಿಂದ ಬಂದ ಅವನ ಅಕ್ಕ ಈರಮ್ಮ. ಗಟ್ಟಿ ದನಿಯ, ದೊಡ್ಡ ಕುಂಕುಮದ ಹೆಂಗಸು. ಹುಲಿಗೆಮ್ಮ ಎಲ್ಲಿ ಎಂದು ಕೇಳಿದೆ. ಒಳಗದಾಳ, ಹೆಂಡ್ತಿ ಪಕ್ಕದಾಗ ಕುಂತ್ರ ಜೀವ ಎಳದಾಡ್ತೈತಿ ಎಂದಳು.

ಅದೇ ಮಾತು. ಅಕ್ಷರ ಬಿಡದೆ ಅದೇ ಮಾತು. ಸುಳ್ಳು ಹೇಳುವುದಿಲ್ಲ, ಮನಸ್ಸಿನ ಒಂದು ಮೂಲೆಯಲ್ಲಿ, ಈಗ ಗೊತ್ತಾಗುತ್ತದೆ ಇವಳಿಗೆ, ಅನ್ನಿಸಿತು.

ಅಡುಗೆಮನೆಗೆ ಹೋದೆ. ಒಲೆ ಹತ್ತಿರಲಿಲ್ಲ. ಹುಲಿಗೆಮ್ಮ ಗೋಡೆಗೆ ಒರಗಿ ನಿಂತಿದ್ದಳು, ಸೆರಗಿನ ತುದಿ ಬಾಯಲ್ಲಿತ್ತು. ನನ್ನನ್ನು ನೋಡಿ ಅಳಲಿಲ್ಲ, ದೂರು ಹೇಳಲಿಲ್ಲ. ಬಂದ್ಯಾ ಅಕ್ಕ ಎಂದಳು, ಅಷ್ಟೇ. ಮೂರು ತಿಂಗಳು ನಾನು ಇವಳ ಮೇಲೆ ಉರಿದದ್ದು ಇವಳ ಹತ್ತಿರ ಏನೋ ಇದೆ ಎಂದು. ಅದನ್ನೇ ಕೊನೆಯ ಹೊತ್ತಿಗೆ ಕಿತ್ತುಕೊಂಡರೆ, ಆಮೇಲೆ ನಾವಿಬ್ಬರೂ ಬರಿಗೈ. ಹೊಟ್ಟೆಕಿಚ್ಚು ಪಡುವುದಕ್ಕೂ ನನಗೆ ಯಾರೂ ಉಳಿಯುವುದಿಲ್ಲ. ನನಗೆ ಸಿಟ್ಟು ಬಂತು. ಅವಳ ಮೇಲೆ ಬಂದದ್ದಲ್ಲ, ಆ ವ್ಯಾನಿನಲ್ಲಿ ಬಾಯಿ ಮುಚ್ಚಿಕೊಂಡು ಮುಂದೆ ಹೋಗಿ ಕೂತವಳ ಮೇಲೆ ಬಂದದ್ದು.

ಪಡಸಾಲೆಗೆ ಬಂದು ಈರಮ್ಮನ ಮುಂದೆ ನೆಲದ ಮೇಲೆ ಕೂತೆ. ಸಿಸ್ಟರ್ ನನ್ನನ್ನೇ ನೋಡುತ್ತಿದ್ದರು, ತಡೆಯಲಿಲ್ಲ.

“ಈರಮ್ಮಾರ, ನಮ್ಮತ್ತಿನೂ ಹಿಂಗಾ ಅಂದಿದ್ರು. ನಾ ಗಾಡಿ ಮುಂದಿನ ಸೀಟಿನ್ಯಾಗ ಕುಂತು ಬಂದೆ. ನಮ್ಮ ಮನಿಯವರು ಹೋದದ್ದು ಬಾಗಿಲ ತೆಗದಾಗ ಗೊತ್ತಾತು. ಅವತ್ತಿನಿಂದ ನಮ್ಮತ್ತಿ ಮಾರಿ ನೆಟ್ಟಗ ನೋಡಿಲ್ಲ ನಾ. ನೋಡಾಕ ಆಗವಲ್ದು. ನೀವು ಹುಲಿಗೆಮ್ಮನ ಮಾರಿ ಇನ್ನೂ ಬಾಳ ದಿನ ನೋಡೋದೈತಿ.”

ಈರಮ್ಮ ಬಹಳ ಹೊತ್ತು ತಮ್ಮನ ಮುಖ ನೋಡಿದಳು. ಆಮೇಲೆ ಮಂಚದ ಮೇಲೆ ಅವನ ಕಾಲ ಕಡೆಗೆ ಸರಿದಳು. ಹುಲಿಗೆಮ್ಮನನ್ನು ಕರೆತಂದು ತಲೆಯ ಹತ್ತಿರ ಕೂರಿಸಿದೆ. ಸಿಸ್ಟರ್ ಅವಳ ಕೈಯನ್ನು ಅವನ ಹಣೆಯ ಮೇಲಿಟ್ಟು, ಕಣ್ಣು ತೆರೆಯದಿದ್ದರೂ ಕಿವಿ ಕೇಳುತ್ತಿರುತ್ತದೆ, ಮಾತಾಡಿಸು ಎಂದರು. ರೀ, ನೋಡ್ರಿ ಇಲ್ಲಿ, ಎಂದಳು. ಅವನು ಅಲುಗಲಿಲ್ಲ. ಮತ್ತೆ ರೀ ಎಂದಳು. ಸುತ್ತ ಇದ್ದವರಲ್ಲಿ ಅಣ್ಣ ಅನ್ನುವವರು, ಮಾವ ಅನ್ನುವವರು, ಎಲ್ಲರೂ ಬೆಳಗಿನಿಂದ ಕರೆದು ಸೋತಿದ್ದರು. ಹೆಸರು ಹಿಡಿದು ಕರಿಯಮ್ಮ, ಯಾರು ಕರಿಯಾಕತ್ಯಾರ ಅಂತ ಗೊತ್ತಾಗಲಿ ಎಂದರು ಸಿಸ್ಟರ್.

ಹುಲಿಗೆಮ್ಮ ಬಾಯಿ ತೆರೆದಳು, ಮುಚ್ಚಿದಳು. ನಮ್ಮ ಕಡೆ ಹಳೆಯ ಪದ್ಧತಿಯ ಹೆಂಗಸರು ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ. ರೇಷನ್ ಅಂಗಡಿಯವನು ಕೇಳಿದರೂ ಪಕ್ಕದವಳ ಮುಖ ನೋಡುತ್ತೇವೆ, ಅವಳು ಹೇಳಬೇಕು. ನಾವು ಹೇಳುವುದು ಮದುವೆಯ ದಿನ ಹೊಸ್ತಿಲಲ್ಲಿ. ಗಂಡನ ಅಕ್ಕನೋ ತಂಗಿಯೋ ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳಿದರೇ ಒಳಗೆ ಬಿಡುವುದು ಎಂದು ಹಟ ಹಿಡಿಯುತ್ತಾಳೆ. ಆಗ ಒಡಪು ಕಟ್ಟಿ, ಎರಡು ಸಾಲಿನೊಳಗೆ ಹೆಸರು ಸೇರಿಸಿ ಹೇಳಬೇಕು. ಅದಾದ ಮೇಲೆ ಆ ಹೆಸರು ಊರಿಗೆಲ್ಲ, ನಮಗಿಲ್ಲ.

ಅವಳು ಒದ್ದಾಡುವುದನ್ನು ನೋಡಿ, ಅವನ ಕಾಲ ಹತ್ತಿರದಿಂದ ಈರಮ್ಮ ಮೆಲ್ಲಗೆ ಹೇಳಿದಳು:

“ನಾ ಬಾಗಿಲ ಹಿಡದಾಗ ನೀ ಹೇಳಿದ್ಯಲ್ಲವ್ವ, ಅದನ್ನ ಹೇಳು.”

ಹುಲಿಗೆಮ್ಮ ಅವನ ಕಿವಿಯ ಹತ್ತಿರ ಬಾಗಿದಳು. ಮದುಮಗಳು ನಾಚಿಕೊಂಡು ಹೇಳುವ ಧಾಟಿಯಲ್ಲೇ, ಅಷ್ಟೇ ಸಣ್ಣ ದನಿಯಲ್ಲಿ ಹೇಳಿದಳು:

“ಕಾಲುವಿಗೆ ನೀರು ಬಂತು, ಗದ್ದಿಗೆ ಹಸರು ಬಂತು,
ಯರ್ರಿಸ್ವಾಮಿ ಮನಿಗೆ ಅವರ ಜೋಡಿ ಬಂತು.”

ಯರ್ರಿಸ್ವಾಮಿಯ ರೆಪ್ಪೆ ಅದುರಿದವು. ತುಟಿ ಸರಿಯಿತು. ಗಂಟಲಿನಿಂದ ಒಂದು “ಹೂಂ” ಬಂತು. ನರಳಿಕೆಯಲ್ಲ, ಕರೆದವರಿಗೆ ಕೊಡುವ ಹೂಂ. ಪಡಸಾಲೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಹುಲಿಗೆಮ್ಮ ಕೈ ತೆಗೆಯಲಿಲ್ಲ. ಅವನು ಕಣ್ಣು ತೆರೆಯಲಿಲ್ಲ, ಮತ್ತೆ ಮಾತಾಡಲಿಲ್ಲ. ಹೊಲದಿಂದ ಆಳುಗಳು ಊಟಕ್ಕೆ ಬರುವ ಹೊತ್ತಿಗೆ ಉಸಿರು ನಿಧಾನವಾಗಿ, ಆ ಕೈಯ ಕೆಳಗೇ ನಿಂತಿತು.

ನಾವು ಹೊರಟಾಗ ಬಿಸಿಲಿತ್ತು. ದಾರಿಯುದ್ದ ತೌಡು, ಧೂಳು, ಭತ್ತದ ಲಾರಿಗಳು. ಬಳ್ಳಾರಿಯ ಗುಡ್ಡ ಕಾಣಿಸಿದ ಮೇಲೆ ಸಿಸ್ಟರ್ ಹಿಂದಕ್ಕೆ ತಿರುಗಿ, ನೀ ಏನು ಒಡಪು ಹೇಳಿದ್ದಿ ರತ್ನಾ ಎಂದು ಕೇಳಿದರು. ಮರೆತಿದೆ ಎಂದೆ. ಮರೆತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದೆ:

“ಬಳ್ಳಾರಿ ಗುಡ್ಡಕ್ಕ ಕ್ವಾಟಿ ಕಾವಲ,
ಪಂಪಾಪತಿ ನನಗ ಬಾಳೆಲ್ಲ ಕಾವಲ.”

ಮದುವೆಯಾದಾಗಿನಿಂದ ನಾನು ಆ ಹೆಸರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸಿಸ್ಟರ್ ನನ್ನ ಮೊಣಕಾಲ ಮೇಲೆ ಕೈಯಿಟ್ಟರು. ಡ್ರೈವರ್ ಹಾರ್ನ್ ಹೊಡೆದು ಒಂದು ಲಾರಿಯನ್ನು ದಾಟಿಸಿದ. ನಾನು ಕಾದೆ. ಏನಕ್ಕೆ ಕಾಯುತ್ತಿದ್ದೇನೆ ಎಂದು ನನಗೇ ತಿಳಿಯಲಿಲ್ಲ, ಆಮೇಲೆ ತಿಳಿಯಿತು.

ಆ ಕೆಲಸ ನಾನು ಬಿಟ್ಟಿಲ್ಲ. ಆಮೇಲೆ ಎಷ್ಟೋ ಮನೆಗಳಲ್ಲಿ, ಬದಿಗೆ ನಿಲ್ಲಿಸಿದ ಹೆಂಡತಿಯರನ್ನು ಮಂಚದ ತಲೆಯ ಹತ್ತಿರ ನಾನೇ ಕೂರಿಸಿದ್ದೇನೆ, ಒಡಪು ನೆನಪು ಮಾಡಿಸಿದ್ದೇನೆ. ಎಲ್ಲ ಮಾಡಿದ್ದೇನೆ. ಹುಲಿಗೆಮ್ಮ ಹಬ್ಬಕ್ಕೆ ಫೋನ್ ಮಾಡುತ್ತಾಳೆ, ಅಕ್ಕ ನಿನ್ನಿಂದ ಆತು ಅನ್ನುತ್ತಾಳೆ. ಹೌದು, ನನ್ನಿಂದಲೇ ಆಯಿತು. ಅವಳು ಕರೆದಳು, ಅವನು ಹೂಂ ಅಂದ. ಆ ಹೂಂ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು.